ಹ್ಯಾರಿ ಲಾಫ್ಲಿನ್: ಊಹೆಯನ್ನು ಕಾನೂನು ಮಾಡಿದ ಮನುಷ್ಯ

1924ರ ನವೆಂಬರ್ 18. ಅಮೆರಿಕದ ವರ್ಜೀನಿಯಾ ರಾಜ್ಯದ ಆಮ್ಹರ್ಸ್ಟ್ ಕೌಂಟಿಯ ಕೋರ್ಟಿನಲ್ಲಿ ಕ್ಯಾರಿ ಬಕ್ ಎಂಬ ಹದಿನೆಂಟು ವರ್ಷದ ಹುಡುಗಿಯ ವಿಚಾರಣೆ ನಡೆಯಿತು. ಅವಳು ಯಾವ ಅಪರಾಧವನ್ನೂ ಮಾಡಿರಲಿಲ್ಲ. ಮುಂದೆ ಮಕ್ಕಳಾಗದಂತೆ ಅವಳಿಗೆ ಬಲವಂತವಾಗಿ ಆಪರೇಷನ್ ಮಾಡಬಹುದೇ ಎಂದು ಕೋರ್ಟು ತೀರ್ಮಾನಿಸಬೇಕಿತ್ತು. ಮಾಡಬಹುದು ಎನ್ನುವವರ ಪರವಾಗಿ ಒಬ್ಬ ತಜ್ಞ ಲಿಖಿತ ಹೇಳಿಕೆ ಕಳಿಸಿದ್ದ. ಈ ಮನೆತನದವರು ದಕ್ಷಿಣದ ಸೋಮಾರಿ, ಅಜ್ಞಾನಿ, ಕೆಲಸಕ್ಕೆ ಬಾರದ ಬಿಳಿಯರ ವರ್ಗಕ್ಕೆ ಸೇರಿದವರು ಎಂಬ ಅರ್ಥದ ಮಾತು ಅದರಲ್ಲಿತ್ತು. ಆ ತಜ್ಞ ಕ್ಯಾರಿಯನ್ನು ಒಮ್ಮೆಯೂ ನೋಡಿರಲಿಲ್ಲ. ಅವಳ ಅಮ್ಮನನ್ನೂ ನೋಡಿರಲಿಲ್ಲ. ನೂರಾರು ಮೈಲಿ ದೂರದಲ್ಲಿ ಕೂತು, ಅಂಚೆಯಲ್ಲಿ ಬಂದ ವಿವರಗಳನ್ನೇ ತಿರುಗಿಸಿ ಬರೆದು ಕಳಿಸಿದ್ದ.

ಅವನ ಹೆಸರು ಹ್ಯಾರಿ ಹ್ಯಾಮಿಲ್ಟನ್ ಲಾಫ್ಲಿನ್.

ಯುಜೆನಿಕ್ಸ್ ಎಂದರೆ ಒಳ್ಳೆಯ ವಂಶದವರು ಹೆಚ್ಚು ಮಕ್ಕಳನ್ನು ಹೆರಬೇಕು, ಕೆಟ್ಟ ವಂಶದವರು ಹೆರಲೇಬಾರದು, ಆಗ ಮನುಷ್ಯ ಜಾತಿ ಸುಧಾರಿಸುತ್ತದೆ ಎಂಬ ವಾದ. ಅದಕ್ಕೆ 1883ರಲ್ಲಿ ಆ ಹೆಸರು ಕೊಟ್ಟವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್, ಚಾರ್ಲ್ಸ್ ಡಾರ್ವಿನ್ನನ ಸಂಬಂಧಿ. ಈ ಚಳವಳಿಯ ಕಥೆಯನ್ನು ಸಾಮಾನ್ಯವಾಗಿ ಗಾಲ್ಟನ್‌ನಿಂದ ಶುರು ಮಾಡಿ ಹಿಟ್ಲರ್‌ಗೆ ಹಾರಿಬಿಡುತ್ತೇವೆ. ನಡುವಿನ ಐವತ್ತು ವರ್ಷದಲ್ಲಿ ಈ ವಾದ ಕಾನೂನು ಪುಸ್ತಕಕ್ಕೆ ಹೇಗೆ ಬಂತು? ಅದು ತಿಳಿಯಬೇಕಾದರೆ ಲಾಫ್ಲಿನ್‌ನ ಬದುಕನ್ನು ನೋಡಬೇಕು. ಅವನು ದೊಡ್ಡ ಸಿದ್ಧಾಂತ ಕಟ್ಟಿದವನಲ್ಲ. ಫಾರಂ ತಯಾರಿಸಿದ, ಕೋಷ್ಟಕ ಹಾಕಿದ, ಮಸೂದೆಯ ಕರಡು ಬರೆದ, ಶಾಸಕರಿಗೆ ಕಳಿಸಿದ. ಆಗಿದ್ದ ಅನಾಹುತವೆಲ್ಲ ಈ ಕಾಗದಗಳ ಮೂಲಕವೇ ಆಯಿತು.

ಕೋಳಿ ಸಾಕಣೆಯಿಂದ ಮನುಷ್ಯರವರೆಗೆ

ಲಾಫ್ಲಿನ್ ಹುಟ್ಟಿದ್ದು 1880ರ ಮಾರ್ಚ್ 11ರಂದು, ಅಯೋವಾ ರಾಜ್ಯದ ಆಸ್ಕಲೂಸಾದಲ್ಲಿ. ಬೆಳೆದದ್ದು ಮಿಸೌರಿಯ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಪಾದ್ರಿ, ಜೊತೆಗೆ ಮೇಷ್ಟ್ರು. ಅಮ್ಮ ಹೆಣ್ಣುಮಕ್ಕಳಿಗೆ ಮತದಾನದ ಹಕ್ಕು ಬೇಕು, ಕುಡಿತ ನಿಲ್ಲಬೇಕು ಎಂದು ದುಡಿದವಳು. ಸಮಾಜವನ್ನು ಸುಧಾರಿಸಬೇಕು ಎಂಬ ಹಂಬಲದ ಮನೆ ಅದು. ಈ ವಿಷಯವನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ಯುಜೆನಿಕ್ಸ್‌ಗೆ ಸೇರಿದವರಲ್ಲಿ ಬಹಳ ಜನ ತಾವು ಒಳ್ಳೆಯದನ್ನೇ ಮಾಡುತ್ತಿದ್ದೇವೆ ಎಂದು ನಂಬಿದ್ದರು. ವಿಶ್ವವಿದ್ಯಾಲಯದ ಅಧ್ಯಕ್ಷರು, ವೈದ್ಯರು, ಸಮಾಜ ಸೇವಕರು, ಪ್ರಗತಿಪರರು ಎನಿಸಿಕೊಂಡವರು ಅದರಲ್ಲಿದ್ದರು.

ಕರ್ಕ್ಸ್‌ವಿಲ್‌ನ ಶಿಕ್ಷಕರ ಕಾಲೇಜಿನಲ್ಲಿ ಓದಿ, ಊರೂರಲ್ಲಿ ಪಾಠ ಹೇಳಿ, ಕೊನೆಗೆ ಲಾಫ್ಲಿನ್ ಅದೇ ಕಾಲೇಜಿನಲ್ಲಿ ಕೃಷಿ ವಿಷಯ ಕಲಿಸಲು ಸೇರಿಕೊಂಡ. 1902ರಲ್ಲಿ ಪ್ಯಾನ್ಸಿ ಬೋವನ್ ಎಂಬಾಕೆಯನ್ನು ಮದುವೆಯಾದ. ಅವರಿಗೆ ಮಕ್ಕಳಾಗಲಿಲ್ಲ.

1907ರಲ್ಲಿ ಅವನು ಒಂದು ಪತ್ರ ಬರೆದ. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಎಂಬ ಊರಿದೆ. ಅಲ್ಲಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವನ್ನು ಚಾರ್ಲ್ಸ್ ಡೇವನ್‌ಪೋರ್ಟ್ ನಡೆಸುತ್ತಿದ್ದ. ಕೋಳಿ ತಳಿಗಳ ಬಗ್ಗೆ ಲಾಫ್ಲಿನ್ ಅವನಿಗೆ ಪ್ರಶ್ನೆ ಕೇಳಿದ್ದ. ಇಬ್ಬರಿಗೂ ಹೊಂದಿಕೆಯಾಯಿತು. ಕೋಳಿ, ದನ, ಕುದುರೆಗಳ ತಳಿ ಸುಧಾರಿಸುವ ಹಾಗೆ ಮನುಷ್ಯರ ತಳಿಯನ್ನೂ ಸುಧಾರಿಸಬಹುದು ಎಂದು ಇಬ್ಬರೂ ನಂಬಿದ್ದರು.

1910ರಲ್ಲಿ ಡೇವನ್‌ಪೋರ್ಟ್‌ಗೆ ದೊಡ್ಡ ಹಣ ಸಿಕ್ಕಿತು. ರೈಲ್ವೆ ಉದ್ಯಮಿ ಹ್ಯಾರಿಮನ್ ತೀರಿಕೊಂಡಿದ್ದ. ಅವನ ಹೆಂಡತಿ ಮೇರಿ ಹ್ಯಾರಿಮನ್ ಜಮೀನು ಕೊಳ್ಳಲು, ಕಚೇರಿ ನಡೆಸಲು ದುಡ್ಡು ಕೊಟ್ಟಳು. ಹಾಗೆ ಹುಟ್ಟಿದ್ದು ಯುಜೆನಿಕ್ಸ್ ರೆಕಾರ್ಡ್ ಆಫೀಸ್. ಅದರ ಮೇಲ್ವಿಚಾರಕನಾಗಿ ಬಂದವನು ಮೂವತ್ತು ವರ್ಷದ ಲಾಫ್ಲಿನ್. ಮುಂದೆ ರಾಕ್‌ಫೆಲ್ಲರ್ ಹಣವೂ ಬಂತು. ಆಮೇಲೆ ಕಾರ್ನೆಗಿ ಸಂಸ್ಥೆ ಇಡೀ ಕಚೇರಿಯನ್ನೇ ವಹಿಸಿಕೊಂಡಿತು. ಅಮೆರಿಕದ ಅತಿ ದೊಡ್ಡ ಶ್ರೀಮಂತರ ದುಡ್ಡು, ಅತಿ ಗೌರವದ ವಿಜ್ಞಾನ ಸಂಸ್ಥೆಯ ಹೆಸರು ಎರಡೂ ಒಂದೇ ಕಚೇರಿಗೆ ಸೇರಿದವು. ಹೊರಗಿನವರು ಸಂಶಯ ಪಡುವುದಾದರೂ ಹೇಗೆ?

ಕಾರ್ಡುಗಳ ಕಚೇರಿ

ಆ ಕಚೇರಿಯ ಕೆಲಸ ಏನೆಂದರೆ, ಅಮೆರಿಕದ ಮನೆತನಗಳ ವಂಶವೃಕ್ಷ ಕೂಡಿಸಿಡುವುದು. ಕ್ಷೇತ್ರ ಕಾರ್ಯಕರ್ತರಿಗೆ ಬೇಸಿಗೆಯಲ್ಲಿ ಕೆಲವು ವಾರ ತರಬೇತಿ ಕೊಡುತ್ತಿದ್ದರು. ಅವರಲ್ಲಿ ಹೆಚ್ಚಿನವರು ಕಾಲೇಜು ಓದಿದ ಹೆಣ್ಣುಮಕ್ಕಳು. ಅವರು ಹುಚ್ಚಾಸ್ಪತ್ರೆ, ಅನಾಥಾಶ್ರಮ, ಬಡವರ ಮನೆಗಳಿಗೆ ಹೋಗಿ ವಿಚಾರಿಸುತ್ತಿದ್ದರು. ನಿಮ್ಮ ಅಜ್ಜ ಕುಡಿಯುತ್ತಿದ್ದನಾ? ಚಿಕ್ಕಪ್ಪ ಕೆಲಸ ಬಿಟ್ಟು ಅಲೆಯುತ್ತಿದ್ದನಾ? ಅತ್ತೆಯ ನಡತೆ ಹೇಗಿತ್ತು? ಸತ್ತು ಹೋದವರ ಬಗ್ಗೆ ಅಕ್ಕಪಕ್ಕದ ಮನೆಯವರು ಹೇಳಿದ್ದನ್ನೂ ಬರೆದುಕೊಳ್ಳುತ್ತಿದ್ದರು. ಎಲ್ಲವೂ ಕಾರ್ಡಿನ ಮೇಲೆ ಸಂಕೇತವಾಗಿ ಕೂರುತ್ತಿತ್ತು. ಕುಡುಕನಿಗೆ ಒಂದು ಅಕ್ಷರ, ಮಂದಬುದ್ಧಿಗೆ ಒಂದು, ಅಲೆಮಾರಿಗೆ ಒಂದು. ವರ್ಷಗಳು ಕಳೆದಂತೆ ಲಕ್ಷಗಟ್ಟಲೆ ಕಾರ್ಡುಗಳು ತುಂಬಿಕೊಂಡವು.

ಅಕ್ಕಪಕ್ಕದವರ ಮಾತು ಒಮ್ಮೆ ಕಾರ್ಡಿಗೆ ಏರಿದರೆ ಅದು ದತ್ತಾಂಶ. ಹತ್ತು ಕಾರ್ಡು ಸೇರಿದರೆ ವಂಶವೃಕ್ಷ. ವಂಶವೃಕ್ಷ ಕೋರ್ಟಿಗೆ ಹೋದರೆ ಸಾಕ್ಷ್ಯ. ಇಲ್ಲಿ ಯಾರೂ ಎದ್ದು ಕಾಣುವ ಸುಳ್ಳು ಹೇಳಬೇಕಾಗಿರಲಿಲ್ಲ. ಪ್ರತಿ ಮೆಟ್ಟಿಲಲ್ಲೂ ಸ್ವಲ್ಪ ಸಂಶಯ ಕಳೆದು ಸ್ವಲ್ಪ ಖಚಿತತೆ ಸೇರುತ್ತಿತ್ತು, ಅಷ್ಟೇ.

ವಿಜ್ಞಾನ ಎಲ್ಲಿ ತಪ್ಪಿತು?

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಆಗ ಎಲ್ಲರಿಗೂ ಗೊತ್ತಿಲ್ಲದ್ದು ಈಗ ನಮಗೆ ಗೊತ್ತಾಗಿದೆ ಎಂದು ಹೇಳಿ ಮುಗಿಸುವವರು ಬಹಳ. ಅದು ಪೂರ್ತಿ ನಿಜ ಅಲ್ಲ. ಮುಖ್ಯ ತಪ್ಪುಗಳು ಆ ಕಾಲದಲ್ಲೇ ಕೆಲವರಿಗೆ ಕಂಡಿದ್ದವು.

ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳ ಮೇಲೆ ಮಾಡಿದ್ದ ಪ್ರಯೋಗ 1900ರಲ್ಲಿ ಮತ್ತೆ ಬೆಳಕಿಗೆ ಬಂತು. ಬಟಾಣಿ ಕಾಳಿನ ಬಣ್ಣ ಹಳದಿಯೋ ಹಸಿರೋ ಎಂಬುದನ್ನು ಒಂದು ಜೋಡಿ ಅಂಶ ನಿರ್ಧರಿಸುತ್ತದೆ. ಅಪ್ಪ ಗಿಡದಿಂದ ಒಂದು, ಅಮ್ಮ ಗಿಡದಿಂದ ಒಂದು. ಹಸಿರು ಬಣ್ಣ ಕಾಣಬೇಕಾದರೆ ಎರಡೂ ಹಸಿರಿನವೇ ಆಗಿರಬೇಕು. ಒಂದೇ ಇದ್ದರೆ ಅದು ಒಳಗೇ ಅಡಗಿರುತ್ತದೆ, ಮುಂದಿನ ಪೀಳಿಗೆಯಲ್ಲಿ ಹೊರಬರಬಹುದು. ಸೊಗಸಾದ, ನಿಜವಾದ ಶೋಧ ಇದು. ಮನುಷ್ಯರಲ್ಲೂ ಕೆಲವು ಕಾಯಿಲೆಗಳು ಹೀಗೇ ಬರುತ್ತವೆ.

ಡೇವನ್‌ಪೋರ್ಟ್ ಮತ್ತು ಲಾಫ್ಲಿನ್ ಈ ಲೆಕ್ಕವನ್ನು ಎಲ್ಲದಕ್ಕೂ ಹಚ್ಚಿದರು. ಮಂದಬುದ್ಧಿ, ಬಡತನ, ಕಳ್ಳತನ, ಅಲೆದಾಟ ಎಲ್ಲವೂ ಬಟಾಣಿಯ ಬಣ್ಣದಂತೆ ಬರುತ್ತವೆ ಎಂದರು. ನೌಕಾಪಡೆಯ ಅಧಿಕಾರಿಗಳ ಮನೆತನಗಳಲ್ಲಿ ಸಮುದ್ರದ ಮೇಲಿನ ಪ್ರೀತಿಯೂ ವಂಶದ ಮೂಲಕವೇ ಬರುತ್ತದೆ ಎಂದು ಡೇವನ್‌ಪೋರ್ಟ್ 1919ರಲ್ಲಿ ಬರೆದ. ಮಗುವಿಗೆ ಅಪ್ಪ ಅಮ್ಮನಿಂದ ಜೀನ್ ಮಾತ್ರ ಬರುವುದಿಲ್ಲ. ಮನೆ ಬರುತ್ತದೆ, ಊಟ ಬರುತ್ತದೆ, ಸಾಲ ಬರುತ್ತದೆ, ಓದುವ ಅವಕಾಶ ಬರುತ್ತದೆ ಅಥವಾ ಬರುವುದಿಲ್ಲ. ಮೂರು ತಲೆಮಾರು ಬಡವರಾಗಿದ್ದರೆ ಅದಕ್ಕೆ ರಕ್ತವೇ ಕಾರಣ ಎನ್ನಲು ಆಧಾರ ಬೇಕು. ಅವರ ಬಳಿ ಅದು ಇರಲಿಲ್ಲ.

ಪೆಲ್ಲಾಗ್ರ ಎಂಬ ಕಾಯಿಲೆಯ ಕಥೆ ಇಲ್ಲಿ ಹೇಳಲೇಬೇಕು. ಚರ್ಮ ಒಡೆದು, ಭೇದಿಯಾಗಿ, ಬುದ್ಧಿ ಕೆಟ್ಟು, ಕೊನೆಗೆ ಸಾವು ತರುವ ಕಾಯಿಲೆ. ಅಮೆರಿಕದ ದಕ್ಷಿಣದ ಬಡವರಲ್ಲಿ ಅದು ಹಬ್ಬಿತ್ತು. ಒಂದೇ ಕುಟುಂಬದಲ್ಲಿ ಹಲವರಿಗೆ ಬರುತ್ತಿತ್ತು. ಅದರಲ್ಲಿ ವಂಶದ ಪಾಲು ದೊಡ್ಡದು ಎಂದು 1916ರಲ್ಲಿ ಡೇವನ್‌ಪೋರ್ಟ್ ವಾದಿಸಿದ. ಅದಕ್ಕೆ ಒಂದು ವರ್ಷ ಮೊದಲೇ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರು ಮಿಸಿಸಿಪಿಯ ಜೈಲು ತೋಟವೊಂದರಲ್ಲಿ ಪ್ರಯೋಗ ಮಾಡಿದ್ದರು. ಬಿಡುಗಡೆಯ ಭರವಸೆಯ ಮೇಲೆ ಒಪ್ಪಿಕೊಂಡ ಕೈದಿಗಳಿಗೆ ಬಡವರು ತಿನ್ನುವ ಮುಸುಕಿನ ಜೋಳದ ಊಟವನ್ನೇ ತಿಂಗಳುಗಟ್ಟಲೆ ಕೊಟ್ಟರು. ಹನ್ನೊಂದು ಮಂದಿಯಲ್ಲಿ ಆರು ಮಂದಿಗೆ ಕಾಯಿಲೆ ಬಂತು. ಅದು ಊಟದ ಕೊರತೆ. ಹಾಲು, ಮಾಂಸ, ಮೊಟ್ಟೆ ಕೊಟ್ಟರೆ ವಾಸಿಯಾಗುತ್ತಿತ್ತು. ಕುಟುಂಬದಲ್ಲಿ ಎಲ್ಲರಿಗೂ ಬಂದದ್ದು ಎಲ್ಲರೂ ಒಂದೇ ಅಡುಗೆ ಉಣ್ಣುತ್ತಿದ್ದರಿಂದ. ವಂಶ ಎಂಬ ಮಾತಿಗೆ ಅಧಿಕಾರಿಗಳು ಕಿವಿಗೊಟ್ಟಷ್ಟು ದಿನ ಆ ಬಡವರಿಗೆ ಹಾಲು ಕೊಡಬೇಕು ಎಂಬ ಯೋಚನೆ ಹಿಂದೆ ಸರಿಯಿತು. ನನಗೆ ಸಿಟ್ಟು ಬರುವುದು ಇಲ್ಲಿ.

ಇನ್ನೊಂದು ತಪ್ಪು ಲೆಕ್ಕದ್ದು. ವಾದಕ್ಕೋಸ್ಕರ ಒಂದು ಕಾಯಿಲೆ ನಿಜವಾಗಿಯೂ ಹಸಿರು ಬಟಾಣಿಯ ಹಾಗೆ ಬರುತ್ತದೆ ಎಂದುಕೊಳ್ಳೋಣ. 10,000 ಜನರಲ್ಲಿ ಒಬ್ಬರಿಗೆ ಆ ಕಾಯಿಲೆ ಇದೆ. ಹಾಗಾದರೆ ಅದನ್ನು ಒಳಗೆ ಅಡಗಿಸಿಕೊಂಡು ಆರೋಗ್ಯವಾಗಿ ಓಡಾಡುವವರು ಎಷ್ಟು ಜನ? ಸುಮಾರು 198. ಅವರನ್ನು ಆಗ ಯಾವ ಪರೀಕ್ಷೆಯಿಂದಲೂ ಕಂಡುಹಿಡಿಯುವಂತಿರಲಿಲ್ಲ. ಕಾಯಿಲೆ ಇರುವ ಆ ಒಬ್ಬರಿಗೆ ಪ್ರತಿ ತಲೆಮಾರಿನಲ್ಲೂ ತಪ್ಪದೆ ಆಪರೇಷನ್ ಮಾಡಿದರೂ, 10,000ಕ್ಕೆ ಒಬ್ಬರು ಇದ್ದದ್ದು 20,000ಕ್ಕೆ ಒಬ್ಬರಾಗಲು ಸುಮಾರು 41 ತಲೆಮಾರು ಬೇಕು. ಅಂದರೆ ಸಾವಿರ ವರ್ಷ. ಈ ಲೆಕ್ಕಕ್ಕೆ ಬೇಕಾದ ಸೂತ್ರವನ್ನು 1908ರಲ್ಲೇ ಬರೆದವರು ಗಣಿತಜ್ಞ ಹಾರ್ಡಿ. ಮುಂದೆ ನಮ್ಮ ರಾಮಾನುಜನ್ ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಅದೇ ಹಾರ್ಡಿ. ಅವರಿಂದ ಈ ಸೂತ್ರ ಬರೆಸಿದ ತಳಿವಿಜ್ಞಾನಿ ಪನೆಟ್ 1917ರಲ್ಲಿ, ಈ ದಾರಿಯಲ್ಲಿ ಮಂದಬುದ್ಧಿಯನ್ನು ಅಳಿಸಲು ಸಾವಿರಾರು ವರ್ಷ ಹಿಡಿಯುತ್ತದೆ ಎಂದು ತೋರಿಸಿದರು. ಲಾಫ್ಲಿನ್ ವಿಜ್ಞಾನ ಓದದವನಲ್ಲ. ಅದೇ 1917ರಲ್ಲಿ ಪ್ರಿನ್ಸ್‌ಟನ್‌ನಿಂದ ಜೀವಕೋಶಗಳ ವಿಷಯದಲ್ಲಿ ಡಾಕ್ಟರೇಟ್ ಪಡೆದವನು. ಆದರೂ ಹಿಡಿದ ದಾರಿ ಬಿಡಲಿಲ್ಲ.

ಮಾದರಿ ಕಾನೂನು

ಬಲವಂತದ ಆಪರೇಷನ್ ಕಾನೂನನ್ನು ಮೊದಲು ಮಾಡಿದ ರಾಜ್ಯ ಇಂಡಿಯಾನಾ, 1907ರಲ್ಲಿ. ಆಮೇಲೆ ಇನ್ನೂ ಹಲವು ರಾಜ್ಯಗಳು ಮಾಡಿದವು. ಆದರೆ ಅವು ಕೋರ್ಟಿನಲ್ಲಿ ನಿಲ್ಲುತ್ತಿರಲಿಲ್ಲ. ಕೆಲವನ್ನು ರಾಜ್ಯಪಾಲರೇ ತಡೆದರು. ಬಹಳ ಕಡೆ ಕಾನೂನು ಇದ್ದರೂ ವೈದ್ಯರು ಹೆದರಿ ಸುಮ್ಮನಿದ್ದರು. ಲಾಫ್ಲಿನ್‌ಗೆ ಇದು ಬರವಣಿಗೆಯ ದೋಷವಾಗಿ ಕಂಡಿತು. ಎಲ್ಲ ರಾಜ್ಯಗಳ ಕಾನೂನು, ಎಲ್ಲ ತೀರ್ಪುಗಳನ್ನು ಕೂಡಿಸಿ, ಎಲ್ಲಿ ಎಡವಿದವು ಎಂದು ವರ್ಷಗಟ್ಟಲೆ ಅಧ್ಯಯನ ಮಾಡಿದ. 1922ರಲ್ಲಿ 500ಕ್ಕೂ ಹೆಚ್ಚು ಪುಟಗಳ ಪುಸ್ತಕ ಹೊರಬಂತು. ಪ್ರಕಟಿಸಿದ್ದು ಷಿಕಾಗೋ ನಗರ ಕೋರ್ಟಿನ ಮನೋರೋಗ ಪ್ರಯೋಗಾಲಯ. ಅದರಲ್ಲಿ ಒಂದು ಮಾದರಿ ಕಾನೂನು ಇತ್ತು. ಯಾವ ರಾಜ್ಯ ಬೇಕಾದರೂ ತನ್ನ ಹೆಸರು ತುಂಬಿಕೊಂಡು ಜಾರಿ ಮಾಡಬಹುದಾದ ಕರಡು ಅದು.

ಯಾರ ಮೇಲೆ ಈ ಕಾನೂನು? ಅವನ ಪಟ್ಟಿ ಹೀಗಿದೆ: ಮಂದಬುದ್ಧಿಯವರು, ಮಾನಸಿಕ ಕಾಯಿಲೆಯವರು, ಅಪರಾಧಿ ಸ್ವಭಾವದವರು, ಫಿಟ್ಸ್ ಬರುವವರು, ಕುಡುಕರು, ಕ್ಷಯ, ಕುಷ್ಠದಂಥ ಕಾಯಿಲೆಯವರು, ಕುರುಡರು, ಕಿವುಡರು, ಅಂಗವಿಕಲರು. ಕೊನೆಗೆ ಅವಲಂಬಿತರು ಎಂಬ ಗುಂಪು. ಅದರಲ್ಲಿ ಅನಾಥರು, ಮನೆಯಿಲ್ಲದವರು, ಅಲೆಮಾರಿಗಳು, ಬಡವರು. ಕ್ಷಯಕ್ಕೆ, ಕುಷ್ಠಕ್ಕೆ ಕಾರಣ ರೋಗಾಣು ಎಂದು ಆಗಲೇ ಹಲವು ದಶಕಗಳಿಂದ ಗೊತ್ತಿತ್ತು. ಅಪ್ಪ ಅಮ್ಮ ಸತ್ತರೆ ಮಗು ಅನಾಥವಾಗುತ್ತದೆ. ಅದು ಯಾವ ಜೀನ್‌ನ ಕೆಲಸ? ಹೀಗೆ ಕೇಳುವವರು ಶಾಸನಸಭೆಗಳಲ್ಲಿ ಕಡಿಮೆ ಇದ್ದರು. ಅಮೆರಿಕದ ಜನಸಂಖ್ಯೆಯಲ್ಲಿ ಕೆಳಗಿನ ಹತ್ತನೇ ಒಂದು ಭಾಗವನ್ನು ಹೀಗೆ ತೆಗೆದುಹಾಕಬೇಕು ಎಂದು ಅವನು 1914ರ ವರದಿಯಲ್ಲೇ ಬರೆದಿದ್ದ.

ವಲಸೆಯ ಬಾಗಿಲು

ಅದೇ ವರ್ಷಗಳಲ್ಲಿ ಲಾಫ್ಲಿನ್ ವಾಷಿಂಗ್ಟನ್‌ನಲ್ಲೂ ಇದ್ದ. 1920ರಲ್ಲಿ ಅಮೆರಿಕ ಸಂಸತ್ತಿನ ವಲಸೆ ಸಮಿತಿಯ ಮುಂದೆ ಸಾಕ್ಷಿ ಹೇಳಿದ. ಸಮಿತಿಯ ಅಧ್ಯಕ್ಷ ಆಲ್ಬರ್ಟ್ ಜಾನ್ಸನ್‌ಗೆ ಅವನ ಮಾತು ಎಷ್ಟು ಹಿಡಿಸಿತೆಂದರೆ, ಅವನನ್ನೇ ಸಮಿತಿಯ ಯುಜೆನಿಕ್ಸ್ ತಜ್ಞನನ್ನಾಗಿ ನೇಮಿಸಿದ. ಲಾಫ್ಲಿನ್ ಜೈಲು, ಹುಚ್ಚಾಸ್ಪತ್ರೆ, ಆಶ್ರಮಗಳಿಗೆ ಪತ್ರ ಬರೆದು ಯಾವ ದೇಶದವರು ಎಷ್ಟು ಮಂದಿ ಇದ್ದಾರೆ ಎಂದು ಎಣಿಸಿದ. ದಕ್ಷಿಣ ಮತ್ತು ಪೂರ್ವ ಯುರೋಪಿನವರು ದೇಶದ ರಕ್ತ ಕೆಡಿಸುತ್ತಿದ್ದಾರೆ ಎಂದು ಕೋಷ್ಟಕ ಹಾಕಿ ತೋರಿಸಿದ.

ಅವನ ಎಣಿಕೆಯ ದೋಷ ಸುಲಭವಾಗಿ ಅರ್ಥವಾಗುತ್ತದೆ. ಜೈಲಿನಲ್ಲಿ, ಹುಚ್ಚಾಸ್ಪತ್ರೆಯಲ್ಲಿ ಇರುವವರು ಬಹುಪಾಲು ದೊಡ್ಡವರು. ವಲಸೆ ಬಂದವರೂ ಬಹುಪಾಲು ದೊಡ್ಡವರೇ. ದೇಶದ ಒಟ್ಟು ಜನಸಂಖ್ಯೆಯಲ್ಲಾದರೆ ಮಕ್ಕಳೂ ಸೇರಿರುತ್ತಾರೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟರೆ ವಲಸಿಗರ ಪ್ರಮಾಣ ಜಾಸ್ತಿ ಕಾಣಲೇಬೇಕು ಅಲ್ವಾ? ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಹರ್ಬರ್ಟ್ ಜೆನ್ನಿಂಗ್ಸ್ ಲಾಫ್ಲಿನ್‌ನ ಅಂಕಿಗಳನ್ನು ಪರೀಕ್ಷಿಸಿ, ಅವುಗಳಿಂದ ಆ ತೀರ್ಮಾನ ಹೊರಡುವುದಿಲ್ಲ ಎಂದರು. ಸಮಿತಿ ಅವರಿಗೆ ಮಾತಾಡಲು ಕೆಲವೇ ನಿಮಿಷ ಕೊಟ್ಟಿತು.

1924ರ ಮೇ ತಿಂಗಳಲ್ಲಿ ವಲಸೆ ಕಾನೂನು ಬಂತು. ಯಾವುದೇ ದೇಶದಿಂದ ವರ್ಷಕ್ಕೆ ಬರಬಹುದಾದವರ ಸಂಖ್ಯೆ, 1890ರ ಜನಗಣತಿಯಲ್ಲಿ ಆ ದೇಶದವರು ಅಮೆರಿಕದಲ್ಲಿ ಎಷ್ಟಿದ್ದರೋ ಅದರ ಶೇಕಡಾ 2 ಮಾತ್ರ. ಹಳೆಯ ಗಣತಿಯನ್ನು ಆರಿಸಿದ್ದಕ್ಕೆ ಕಾರಣವಿತ್ತು. ಇಟಲಿಯವರು, ಪೂರ್ವ ಯುರೋಪಿನ ಯಹೂದಿಗಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1890ರ ನಂತರ. ಇಟಲಿಯ ಪಾಲು ವರ್ಷಕ್ಕೆ ಸುಮಾರು 42,000 ಇದ್ದದ್ದು 4,000ಕ್ಕಿಂತ ಕೆಳಗೆ ಇಳಿಯಿತು. ಏಷ್ಯಾದವರಿಗೆ ಬಾಗಿಲೇ ಮುಚ್ಚಿತು. ಭಾರತದವರಿಗೆ ಅದು 1917ರಲ್ಲೇ ಮುಚ್ಚಿತ್ತು. 1946ರಲ್ಲಿ ವರ್ಷಕ್ಕೆ ಬರೀ 100 ಮಂದಿಗೆ ಅವಕಾಶ ಸಿಕ್ಕಿತು. ದೇಶವಾರು ಕೋಟಾ ಪದ್ಧತಿ ಹೋದದ್ದು 1965ರ ಕಾನೂನಿನಿಂದ. ಇವತ್ತು ಅಮೆರಿಕದ ಊರೂರಲ್ಲಿ ಕನ್ನಡ ಕೂಟಗಳಿವೆ ಎಂದರೆ ಅದಕ್ಕೆ ದಾರಿಯಾದದ್ದು ಲಾಫ್ಲಿನ್ ಎತ್ತಿಕಟ್ಟಿದ ಗೋಡೆ ಬಿದ್ದದ್ದು.

ಕ್ಯಾರಿ ಬಕ್

ವರ್ಜೀನಿಯಾದ ಲಿಂಚ್‌ಬರ್ಗ್ ಹತ್ತಿರ ಫಿಟ್ಸ್ ಬರುವವರಿಗೆ ಮತ್ತು ಮಂದಬುದ್ಧಿಯವರಿಗೆ ಎಂದು ಸರ್ಕಾರದ ಒಂದು ಆಶ್ರಮವಿತ್ತು. ಅದರ ಮುಖ್ಯಸ್ಥ ಆಲ್ಬರ್ಟ್ ಪ್ರಿಡ್ಡಿ ಎಂಬ ವೈದ್ಯ. ಅವನು ಮೊದಲೇ ಕಾನೂನಿನ ಆಧಾರವಿಲ್ಲದೆ ಹೆಣ್ಣುಮಕ್ಕಳಿಗೆ ಆಪರೇಷನ್ ಮಾಡಿ, ಒಬ್ಬ ಗಂಡ ಕೇಸು ಹಾಕಿದಾಗ ಕೋರ್ಟು ಹತ್ತಿದ್ದ. ಇನ್ನು ಮುಂದೆ ಕಾನೂನಿನ ರಕ್ಷಣೆ ಬೇಕು ಎನಿಸಿತು. ವಕೀಲ ಆಬ್ರಿ ಸ್ಟ್ರೋಡ್ ಲಾಫ್ಲಿನ್‌ನ ಮಾದರಿಯನ್ನು ಮುಂದಿಟ್ಟುಕೊಂಡು ಮಸೂದೆ ಬರೆದ. 1924ರ ಮಾರ್ಚ್ 20ರಂದು ಅದು ಕಾನೂನಾಯಿತು. ಬಿಳಿಯರು ಬೇರೆ ಬಣ್ಣದವರನ್ನು ಮದುವೆಯಾಗಬಾರದು ಎಂಬ ಕಾನೂನಿಗೂ ವರ್ಜೀನಿಯಾದಲ್ಲಿ ಅದೇ ದಿನ ಸಹಿ ಬಿತ್ತು. ಹೊಸ ಕಾನೂನನ್ನು ಕೋರ್ಟಿನಲ್ಲಿ ಗಟ್ಟಿ ಮಾಡಿಕೊಳ್ಳಲು ಒಂದು ಕೇಸು ಬೇಕಿತ್ತು. ಆರಿಸಿದ್ದು ಕ್ಯಾರಿಯನ್ನು.

ಕ್ಯಾರಿಯ ಅಮ್ಮ ಎಮ್ಮಾ 1920ರಿಂದ ಅದೇ ಆಶ್ರಮದಲ್ಲಿದ್ದಳು. ಕ್ಯಾರಿ ಚಿಕ್ಕಂದಿನಿಂದ ಷಾರ್ಲಟ್ಸ್‌ವಿಲ್‌ನಲ್ಲಿ ಒಂದು ಸಾಕುಮನೆಯಲ್ಲಿ ಬೆಳೆದಳು. ಆರನೇ ತರಗತಿಯವರೆಗೆ ಓದಿದಳು. ನಡತೆ, ಪಾಠ ಎರಡರಲ್ಲೂ ತುಂಬ ಚೆನ್ನಾಗಿದ್ದಾಳೆ ಎಂದು ಶಾಲೆಯ ದಾಖಲೆಯಲ್ಲಿತ್ತು. ಆಮೇಲೆ ಶಾಲೆ ಬಿಡಿಸಿ ಮನೆಗೆಲಸಕ್ಕೆ ಹಚ್ಚಿದರು. ಸಾಕಮ್ಮನ ಸಂಬಂಧಿಯೊಬ್ಬ ಅವಳ ಮೇಲೆ ಅತ್ಯಾಚಾರ ಮಾಡಿದ. ಬಸಿರಾದ ಮೇಲೆ ಆ ಮನೆಯವರು ಅವಳನ್ನು ಮಂದಬುದ್ಧಿ, ನಡತೆಗೆಟ್ಟವಳು ಎಂದು ಹೇಳಿ ಆಶ್ರಮಕ್ಕೆ ಸೇರಿಸಲು ಅರ್ಜಿ ಹಾಕಿದರು. 1924ರ ಮಾರ್ಚ್ 28ರಂದು ಮಗು ಹುಟ್ಟಿತು. ಹೆಸರು ವಿವಿಯನ್. ಮಗು ಸಾಕುಮನೆಯಲ್ಲಿ ಉಳಿಯಿತು, ಅಮ್ಮ ಆಶ್ರಮಕ್ಕೆ ಹೋದಳು.

ಮಂದಬುದ್ಧಿ ವಂಶದಿಂದ ಬಂದಿದೆ ಎಂದು ತೋರಿಸಲು ಮೂರು ತಲೆಮಾರು ಬೇಕಿತ್ತು. ಮೂರನೇ ತಲೆಮಾರು ಎಂದರೆ ಏಳು ತಿಂಗಳ ಕೂಸು. ಸಮಾಜ ಸೇವಕಿಯೊಬ್ಬಳು ಮಗುವಿನ ನೋಟ ಅಷ್ಟು ಸರಿಯಿಲ್ಲ ಎಂಬಂತೆ ಸಾಕ್ಷಿ ಹೇಳಿದಳು. ಲಾಫ್ಲಿನ್‌ನ ಕಚೇರಿಯ ಆರ್ಥರ್ ಎಸ್ಟಬ್ರೂಕ್ ಬಂದು ಮಗುವನ್ನು ಪರೀಕ್ಷಿಸಿ, ಸರಾಸರಿಗಿಂತ ಕಡಿಮೆ ಎಂದ. ಕ್ಯಾರಿಯ ಪರ ನಿಂತ ವಕೀಲ ಇರ್ವಿಂಗ್ ವೈಟ್‌ಹೆಡ್ ಹಿಂದೆ ಅದೇ ಆಶ್ರಮದ ಆಡಳಿತ ಮಂಡಳಿಯಲ್ಲಿದ್ದವನು, ಸ್ಟ್ರೋಡ್‌ನ ಗೆಳೆಯ. ಅವನು ಒಬ್ಬ ಸಾಕ್ಷಿಯನ್ನೂ ಕರೆಸಲಿಲ್ಲ. ಶಾಲೆಯ ದಾಖಲೆ ತೋರಿಸಲಿಲ್ಲ. ಅತ್ಯಾಚಾರದ ಮಾತು ಎತ್ತಲಿಲ್ಲ. ಎದುರಾಳಿಯೂ ವಕೀಲನೂ ಒಂದೇ ಕಡೆಯವರಾದರೆ ಆ ಹುಡುಗಿಗೆ ದಿಕ್ಕು ಯಾರು?

ಪ್ರಿಡ್ಡಿ ತೀರಿಕೊಂಡ ಮೇಲೆ ಅವನ ಜಾಗಕ್ಕೆ ಬಂದ ಜಾನ್ ಬೆಲ್ ಹೆಸರಲ್ಲಿ ಕೇಸು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1927ರ ಮೇ 2ರಂದು ತೀರ್ಪು ಬಂತು. ಎಂಟು ನ್ಯಾಯಮೂರ್ತಿಗಳು ಕಾನೂನಿನ ಪರ, ಪಿಯರ್ಸ್ ಬಟ್ಲರ್ ಒಬ್ಬರೇ ವಿರುದ್ಧ. ತೀರ್ಪು ಬರೆದವರು ಆಲಿವರ್ ವೆಂಡೆಲ್ ಹೋಮ್ಸ್, ಆ ದೇಶದ ಅತಿ ಹೆಸರುವಾಸಿ ನ್ಯಾಯಮೂರ್ತಿಗಳಲ್ಲಿ ಒಬ್ಬರು. ಸರ್ಕಾರ ಕಡ್ಡಾಯವಾಗಿ ಸಿಡುಬಿನ ಚುಚ್ಚುಮದ್ದು ಹಾಕಿಸಬಹುದಾದರೆ ಇದನ್ನೂ ಮಾಡಿಸಬಹುದು ಎಂದರು. ಮೂರು ತಲೆಮಾರಿನ ಬುದ್ಧಿಗೇಡಿಗಳು ಸಾಕು ಎಂದು ಬರೆದರು. ಅದೇ ಅಕ್ಟೋಬರಿನಲ್ಲಿ ಕ್ಯಾರಿಗೆ ಆಪರೇಷನ್ ಆಯಿತು. ಅವಳ ತಂಗಿ ಡೋರಿಸ್‌ಗೂ ಮಾಡಿದರು. ಅಪೆಂಡಿಕ್ಸ್ ಆಪರೇಷನ್ ಎಂದು ಅವಳಿಗೆ ಹೇಳಿದ್ದರು. ಮದುವೆಯಾಗಿ ವರ್ಷಗಟ್ಟಲೆ ಮಗುವಿಗಾಗಿ ಕಾದ ಡೋರಿಸ್‌ಗೆ ನಿಜ ತಿಳಿದದ್ದು ಐವತ್ತು ವರ್ಷದ ಮೇಲೆ.

ವಿವಿಯನ್ ಶಾಲೆಗೆ ಹೋದಳು. 1931ರಲ್ಲಿ ಒಳ್ಳೆಯ ಅಂಕ ಪಡೆದ ಮಕ್ಕಳ ಗೌರವ ಪಟ್ಟಿಯಲ್ಲಿ ಅವಳ ಹೆಸರಿತ್ತು. ಮರುವರ್ಷ ಎಂಟನೇ ವಯಸ್ಸಿಗೆ ಕಾಯಿಲೆಯಿಂದ ಸತ್ತಳು. ಕ್ಯಾರಿ ಬದುಕಿದ್ದು 1983ರವರೆಗೆ. ವಯಸ್ಸಾದ ಮೇಲೆ ಅವಳನ್ನು ಕಂಡು ಮಾತಾಡಿಸಿದವರು ಅವಳು ಪತ್ರಿಕೆ ಓದುವ, ಎಲ್ಲರಂತೆ ಬುದ್ಧಿಯಿರುವ ಹೆಂಗಸು ಎಂದೇ ಹೇಳಿದ್ದಾರೆ.

ಆ ತೀರ್ಪಿನ ನಂತರ ಹೆದರಿ ಸುಮ್ಮನಿದ್ದ ರಾಜ್ಯಗಳಿಗೂ ಧೈರ್ಯ ಬಂತು. ಒಟ್ಟು 30ಕ್ಕೂ ಹೆಚ್ಚು ರಾಜ್ಯಗಳಲ್ಲಿ 60,000ಕ್ಕೂ ಹೆಚ್ಚು ಮಂದಿಗೆ ಇಂಥ ಆಪರೇಷನ್ ಆಯಿತು. ಕ್ಯಾಲಿಫೋರ್ನಿಯಾ ಒಂದರಲ್ಲೇ ಸುಮಾರು 20,000. ವರ್ಜೀನಿಯಾದಲ್ಲಿ ಸುಮಾರು 8,000.

ಜರ್ಮನಿಯ ಗೌರವ

ಹಿಟ್ಲರ್ ಅಧಿಕಾರಕ್ಕೆ ಬಂದ ಆರು ತಿಂಗಳೊಳಗೆ, 1933ರ ಜುಲೈ 14ರಂದು, ಜರ್ಮನಿ ಬಲವಂತದ ಆಪರೇಷನ್ ಕಾನೂನು ಮಾಡಿತು. ಅಲ್ಲಿನವರು ಲಾಫ್ಲಿನ್‌ನ ಮಾದರಿಯನ್ನು ನೋಡಿಕೊಂಡಿದ್ದರು. ಮಂದಬುದ್ಧಿ, ಫಿಟ್ಸ್, ಕುರುಡು, ಕಿವುಡು, ಕುಡಿತ ಹೀಗೆ ಪಟ್ಟಿಯೂ ಹತ್ತಿರ ಹತ್ತಿರ ಅದೇ. ಲಾಫ್ಲಿನ್ ಆ ಕಾನೂನಿನ ಇಂಗ್ಲಿಷ್ ಅನುವಾದವನ್ನು ತಮ್ಮ ಪತ್ರಿಕೆಯಲ್ಲಿ ಸಂತೋಷದಿಂದ ಪ್ರಕಟಿಸಿದ. ಯುದ್ಧ ಮುಗಿಯುವ ಹೊತ್ತಿಗೆ ಜರ್ಮನಿಯಲ್ಲಿ ಆಪರೇಷನ್‌ಗೆ ಒಳಗಾದವರು ಸುಮಾರು 4,00,000.

1936ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ತನ್ನ 550ನೇ ವರ್ಷದ ಉತ್ಸವದಲ್ಲಿ ಲಾಫ್ಲಿನ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅಷ್ಟು ಹೊತ್ತಿಗೆ ಆ ವಿಶ್ವವಿದ್ಯಾಲಯ ತನ್ನ ಯಹೂದಿ ಪ್ರಾಧ್ಯಾಪಕರನ್ನು ಹೊರಗಟ್ಟಿತ್ತು. ಅವನು ಅಲ್ಲಿಗೆ ಹೋಗಲಿಲ್ಲ. ನ್ಯೂಯಾರ್ಕಿನ ಜರ್ಮನ್ ಕಾನ್ಸುಲೇಟ್‌ನಲ್ಲಿ ಪದವಿ ಪತ್ರ ಪಡೆದು, ಹೆಮ್ಮೆಯ ಮಾತು ಬರೆದ. ಅವನಿಗೆ ಈ ಪದವಿ ಕೊಡಿಸುವಲ್ಲಿ ಮುಂದಿದ್ದ ಮನೋವೈದ್ಯ ಕಾರ್ಲ್ ಷ್ನೈಡರ್ ಮುಂದೆ ಮಾನಸಿಕ ರೋಗಿಗಳನ್ನು ಕೊಲ್ಲುವ ನಾಜಿ ಯೋಜನೆಯಲ್ಲಿ ಪಾಲ್ಗೊಂಡ. ಲಾಫ್ಲಿನ್ ಕೊಲೆಯ ಯೋಜನೆ ಬರೆದವನಲ್ಲ. ಆದರೆ ಕೆಲವರ ಬದುಕು ದೇಶಕ್ಕೆ ಭಾರ ಎಂಬ ಲೆಕ್ಕವನ್ನು ಸರ್ಕಾರ ಒಪ್ಪಿಕೊಂಡ ಮೇಲೆ ಮುಂದಿನ ಹೆಜ್ಜೆ ಎಲ್ಲಿ ನಿಲ್ಲುತ್ತದೆ ಎಂದು ಅವನು ಕೇಳಿಕೊಳ್ಳಲೇ ಇಲ್ಲ. ಯುದ್ಧದ ನಂತರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ನಾಜಿ ಆರೋಪಿಗಳ ಕಡೆಯವರು ತಮ್ಮ ಸಮರ್ಥನೆಗೆ ಹೋಮ್ಸ್ ತೀರ್ಪನ್ನೇ ಎತ್ತಿ ತೋರಿಸಿದರು.

1937ರಲ್ಲಿ ಶ್ರೀಮಂತ ವಿಕ್ಲಿಫ್ ಡ್ರೇಪರ್‌ನ ಹಣದಿಂದ ಪಯನೀರ್ ಫಂಡ್ ಎಂಬ ಸಂಸ್ಥೆ ಶುರುವಾಯಿತು. ಅದರ ಮೊದಲ ಅಧ್ಯಕ್ಷ ಲಾಫ್ಲಿನ್. ಅಂಗವಿಕಲರನ್ನು ಹೊರೆಯೆಂದು ತೋರಿಸುವ ನಾಜಿ ಪ್ರಚಾರ ಚಿತ್ರವೊಂದನ್ನು ಅಮೆರಿಕದಲ್ಲಿ ತೋರಿಸಲು ಅದು ನೆರವಾಯಿತು. ಅದೇ ವರ್ಷಗಳಲ್ಲಿ ಯಹೂದಿ ನಿರಾಶ್ರಿತರಿಗೆ ವಲಸೆ ಕಾನೂನಿನಲ್ಲಿ ಯಾವ ವಿನಾಯಿತಿಯೂ ಬೇಡ ಎಂದು ಅವನು ನ್ಯೂಯಾರ್ಕಿನ ವಾಣಿಜ್ಯ ಮಂಡಳಿಗೆ ವರದಿ ಬರೆದುಕೊಟ್ಟ. 1939ರಲ್ಲಿ 900ಕ್ಕೂ ಹೆಚ್ಚು ನಿರಾಶ್ರಿತರನ್ನು ಹೊತ್ತ ಸೇಂಟ್ ಲೂಯಿಸ್ ಹಡಗು ಅಮೆರಿಕದ ತೀರದ ಹತ್ತಿರ ಬಂದು ವಾಪಸ್ ಹೋಯಿತು. ಅಡ್ಡವಾದದ್ದು ಆ ಕೋಟಾ. ಅವರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಮುಂದೆ ನರಮೇಧದಲ್ಲಿ ಸತ್ತರು.

ಕಚೇರಿ ಮುಚ್ಚಿತು

1930ರ ದಶಕದಲ್ಲಿ ತಳಿವಿಜ್ಞಾನ ಬಹಳ ಮುಂದೆ ಹೋಗಿತ್ತು. ಕಾರ್ನೆಗಿ ಸಂಸ್ಥೆ 1935ರಲ್ಲಿ ಪರಿಶೀಲನಾ ಸಮಿತಿ ಕಳಿಸಿತು. ಇಪ್ಪತ್ತೈದು ವರ್ಷ ಕೂಡಿಸಿಟ್ಟ ಕಾರ್ಡುಗಳು ಮಾನವ ತಳಿವಿಜ್ಞಾನದ ಅಧ್ಯಯನಕ್ಕೆ ಕೆಲಸಕ್ಕೆ ಬರುವಂಥವಲ್ಲ ಎಂದು ಸಮಿತಿ ಹೇಳಿತು. ಆ ಕಾರ್ಡುಗಳನ್ನು ನಂಬಿ ಆಗಲೇ ಎಷ್ಟು ಜನರ ಬದುಕು ಹೋಗಿತ್ತು! ಸಂಸ್ಥೆಗೆ ಹೊಸ ಅಧ್ಯಕ್ಷರಾಗಿ ಬಂದ ವನೆವಾರ್ ಬುಷ್ ಲಾಫ್ಲಿನ್‌ನನ್ನು ನಿವೃತ್ತಿಯಾಗುವಂತೆ ಒತ್ತಾಯಿಸಿದರು. 1939ರ ಡಿಸೆಂಬರ್ 31ಕ್ಕೆ ಕಚೇರಿ ಮುಚ್ಚಿತು.

ಲಾಫ್ಲಿನ್‌ಗೆ ಫಿಟ್ಸ್ ಬರುತ್ತಿತ್ತು. ದೊಡ್ಡವನಾದ ಮೇಲೆ ಶುರುವಾದದ್ದು. ಸಹೋದ್ಯೋಗಿಗಳಿಗೂ ಗೊತ್ತಿತ್ತು. ಇದನ್ನು ಓದಿ ಅವನಿಗೆ ಹಾಗೇ ಆಗಬೇಕಿತ್ತು ಎನ್ನುವವರನ್ನು ನೋಡಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಫಿಟ್ಸ್ ಒಂದು ಕಾಯಿಲೆ. ಅದಿರುವವರಿಗೆ ಆರೈಕೆ ಬೇಕು, ಔಷಧ ಬೇಕು, ಗೌರವದಿಂದ ಕೆಲಸ ಮಾಡುವ ಅವಕಾಶ ಬೇಕು. ಲಾಫ್ಲಿನ್‌ಗೆ ಕೆಲಸವೂ ಗೌರವವೂ ಸಿಕ್ಕಿದ್ದವು, ಸಿಗಬೇಕಾದದ್ದೇ. ಲಿಂಚ್‌ಬರ್ಗ್ ಆಶ್ರಮದಲ್ಲಿ ಅದೇ ಕಾಯಿಲೆಯಿಂದ ಮಲಗಿದ್ದವರಿಗೂ ಅವು ಸಿಗಬೇಕಿತ್ತು. ಅವರನ್ನು ಅವನು ಪಟ್ಟಿಗೆ ಸೇರಿಸಿದ. ತನ್ನನ್ನು ಸೇರಿಸಿಕೊಳ್ಳಲಿಲ್ಲ. ಪಟ್ಟಿ ಬರೆಯುವವನು ಪಟ್ಟಿಯ ಹೊರಗೆ ನಿಂತೇ ಬರೆಯುತ್ತಾನೆ.

ಅವನು ಕರ್ಕ್ಸ್‌ವಿಲ್‌ಗೆ ವಾಪಸ್ ಹೋಗಿ 1943ರ ಜನವರಿ 26ರಂದು ತೀರಿಕೊಂಡ. ಅವನ ಕಾಗದಪತ್ರಗಳು ಅದೇ ಊರಿನ ಟ್ರೂಮನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿವೆ. ಇವತ್ತು ಅವನ ಬಗ್ಗೆ ಇಷ್ಟೆಲ್ಲ ಗೊತ್ತಾಗಿದೆ ಎಂದರೆ ಅವನೇ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿಟ್ಟದ್ದು ಒಂದು ಕಾರಣ.

ಕಾನೂನುಗಳು ಅವನ ಜೊತೆ ಹೋಗಲಿಲ್ಲ. 1942ರಲ್ಲಿ ಸುಪ್ರೀಂ ಕೋರ್ಟು ಅಪರಾಧಿಗಳಿಗೆ ಶಿಕ್ಷೆಯಾಗಿ ಆಪರೇಷನ್ ಮಾಡುವ ಒಕ್ಲಹೋಮಾದ ಕಾನೂನನ್ನು ಹೊಡೆದುಹಾಕಿತು. ಕ್ಯಾರಿಯ ತೀರ್ಪನ್ನು ಮಾತ್ರ ಮುಟ್ಟಲಿಲ್ಲ. ವರ್ಜೀನಿಯಾದ ಕಾನೂನು ರದ್ದಾದದ್ದು 1974ರಲ್ಲಿ. 2002ರ ಮೇ 2ರಂದು, ತೀರ್ಪಿಗೆ 75 ವರ್ಷ ತುಂಬಿದ ದಿನ, ಆ ರಾಜ್ಯದ ಗವರ್ನರ್ ಕ್ಷಮೆ ಕೇಳಿದರು. 2015ರಲ್ಲಿ ಬದುಕುಳಿದವರಿಗೆ ತಲಾ 25,000 ಡಾಲರ್ ಪರಿಹಾರ ಕೊಡಲು ಒಪ್ಪಿದರು. ಅಷ್ಟು ಹೊತ್ತಿಗೆ ಬದುಕಿದ್ದವರು ಕೆಲವೇ ಮಂದಿ.

ಕ್ಯಾಲಿಫೋರ್ನಿಯಾದ ಕಥೆ ಇನ್ನೂ ಹತ್ತಿರದ್ದು. 2014ರಲ್ಲಿ ಅಲ್ಲಿನ ಸರ್ಕಾರಿ ಲೆಕ್ಕ ಪರಿಶೋಧಕರು ಮಹಿಳಾ ಕೈದಿಗಳ ದಾಖಲೆ ತೆಗೆದು ನೋಡಿದರು. ಎಂಟು ವರ್ಷದಲ್ಲಿ 144 ಹೆಂಗಸರಿಗೆ ಮಕ್ಕಳಾಗದ ಆಪರೇಷನ್ ಆಗಿತ್ತು. ಅವರಲ್ಲಿ 39 ಮಂದಿಯ ವಿಷಯದಲ್ಲಿ ಒಪ್ಪಿಗೆ ಪಡೆಯುವ ಕಾನೂನು ಕ್ರಮ ಸರಿಯಾಗಿ ನಡೆದಿರಲಿಲ್ಲ. ಅದೇ ವರ್ಷ ಜೈಲುಗಳಲ್ಲಿ ಕುಟುಂಬ ಯೋಜನೆಗಾಗಿ ಇಂಥ ಆಪರೇಷನ್ ಮಾಡುವುದನ್ನು ಆ ರಾಜ್ಯ ನಿಷೇಧಿಸಿತು. 2021ರಲ್ಲಿ ಹಳೆಯ ಕಾನೂನಿನ ಕಾಲದವರಿಗೂ ಈ ಕೈದಿಗಳಿಗೂ ಸೇರಿಸಿ ಪರಿಹಾರದ ಯೋಜನೆ ತಂದಿತು.